ಮಾವನ ಸಾ ಮಿಲ್ಲು, ವಿಯೆಟ್ನಾಂನ ಗೆರೆ

2023ರ ಫೆಬ್ರವರಿಯ ಒಂದು ಭಾನುವಾರ ಸೋದರಮಾವನ ಫೋನ್ ಬಂತು. "ಸಂಜೆ ಮಿಲ್ ಹತ್ತಿರ ಬಾಮ್ಮ, ಒಂದು ಕಾಗದ ತೋರಿಸಬೇಕು" ಎಂದರು. ತುಮಕೂರಿನ ಅಂತರಸನಹಳ್ಳಿ ಕಡೆ ಅವರ ಸಾ ಮಿಲ್ ಇದೆ. ಮೊದಲು ಅಲ್ಲಿ ಮತ್ತಿ, ಹೊನ್ನೆ, ನಂದಿ ಕೊಯ್ಯುತ್ತಿದ್ದರು. ಈಗ ಅಂಗಳದಲ್ಲಿ ಬಿದ್ದಿರುವ ದಿಮ್ಮಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ಬಂದವು. ಘಾನಾದ ತೇಗ, ಮತ್ತೆ ಎಲ್ಲರೂ ಮಲೇಷಿಯನ್ ಸಾಲ್ ಅಂತ ಕರೆಯುವ ಮರ. ಸುತ್ತಮುತ್ತ ಮನೆ ಕಟ್ಟುವವರು ಬಾಗಿಲು, ಕಿಟಕಿ, ಚೌಕಟ್ಟಿಗೆ ಇಲ್ಲಿಗೇ ಬರುತ್ತಾರೆ.

ಕಾಗದ ತಂದುಕೊಟ್ಟವನು ಮರ ಒಣಗಿಸುವ ಕಿಲ್ನ್ ಮಾರುವ ಒಂದು ಕಂಪನಿಯ ಹುಡುಗ. ಅದರಲ್ಲಿ ಎರಡು ಚಿತ್ರ ಇದ್ದವು. ಮೊದಲನೆಯದರಲ್ಲಿ ಎರಡು ಗೆರೆ: ಭಾರತ ಮತ್ತು ವಿಯೆಟ್ನಾಂ 2009ರಿಂದ 2021ರವರೆಗೆ ಪ್ರತಿ ವರ್ಷ ಎಷ್ಟು ಡಾಲರ್ ಬೆಲೆಯ ಹಾರ್ಡ್‌ವುಡ್ ಹಲಗೆ ತರಿಸಿಕೊಂಡವು ಅಂತ. ವಿಯೆಟ್ನಾಂನ ಗೆರೆ ದೇವರಾಯನದುರ್ಗದ ಎತ್ತರದಲ್ಲಿ, ನಮ್ಮದು ಅಮಾನಿಕೆರೆ ಏರಿಯ ಮಟ್ಟದಲ್ಲಿ. ಎರಡನೇ ಚಿತ್ರದಲ್ಲಿ ಭಾರತ ಒಂದೇ, ಆದರೆ ರೂಪಾಯಿಯಲ್ಲಿ. ಅದು ಕಡಿದಾಗಿ ಮೇಲಕ್ಕೆ ಹೋಗುತ್ತಿತ್ತು. ಹುಡುಗನ ಮಾತು ಇಷ್ಟೇ: "ವಿಯೆಟ್ನಾಂ ಇರುವ ಎತ್ತರಕ್ಕೆ ನಾವೂ ಹೋಗುತ್ತೇವೆ ಸಾರ್, ಶುರುವಾಗಿಬಿಟ್ಟಿದೆ, ನಡುವೆ ಇರುವ ಆ ಜಾಗವೆಲ್ಲ ನಿಮ್ಮ ಮಾರ್ಕೆಟ್ಟು. ದಿಮ್ಮಿ ಕೊಯ್ಯುವುದು ಬಿಡಿ, ಹಸಿ ಹಲಗೆ ತರಿಸಿ, ಎರಡು ಛೇಂಬರ್ ಕಿಲ್ನ್‌ನಲ್ಲಿ ಒಣಗಿಸಿ ಮಾರಿ." ಅದಕ್ಕೆ ನಲವತ್ತು ಲಕ್ಷ ಸಾಲ ಬೇಕಿತ್ತು. ಅತ್ತೆಗೆ ಇದು ಗೊತ್ತಿರಲಿಲ್ಲ.

ನಾನು ಬಿಕಾಂ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವಳು. ಮರದ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮಾವನಿಗೆ ಮರ ಗೊತ್ತು, ಗ್ರಾಫ್ ಗೊತ್ತಿಲ್ಲ. ಒಂದೂವರೆ ತಿಂಗಳು ಇಬ್ಬರೂ ಕೂತು ಆ ಎರಡು ಚಿತ್ರವನ್ನು ಬಿಚ್ಚಿ ನೋಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾಗದ ಹಿಡಿದುಕೊಂಡು ಬರುವವರು ಬರೀ ಮರದ ವ್ಯಾಪಾರದಲ್ಲಿ ಇಲ್ಲ, ಕೋಳಿ ಫಾರಂ, ರೇಷ್ಮೆ, ಕೊಬ್ಬರಿ ಎಲ್ಲ ಕಡೆ ಇದ್ದಾರೆ.

ಮೊದಲು ಹೆಸರಿನ ವಿಷಯ. ಹಾರ್ಡ್‌ವುಡ್ ಅಂದರೆ ಗಟ್ಟಿ ಮರ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅಗಲ ಎಲೆಯ ಮರಗಳೆಲ್ಲ ಹಾರ್ಡ್‌ವುಡ್, ಪೈನ್ ಥರದ ಸೂಜಿ ಎಲೆಯ ಮರಗಳು ಸಾಫ್ಟ್‌ವುಡ್. ಆ ಲೆಕ್ಕದಲ್ಲಿ ತೇಗವೂ ಹಾರ್ಡ್‌ವುಡ್, ಉಗುರಲ್ಲಿ ಒತ್ತಿದರೆ ಗುಳಿ ಬೀಳುವ ಬಾಲ್ಸಾ ಮರವೂ ಹಾರ್ಡ್‌ವುಡ್, ನಮ್ಮ ಹಿತ್ತಲ ನುಗ್ಗೆಯೂ ಹಾರ್ಡ್‌ವುಡ್. ಅಂದರೆ ಒಂದೇ ಗೆರೆಯೊಳಗೆ ಚಿನ್ನದ ಬೆಲೆಯ ಮರವೂ ಇದೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುವ ಮರವೂ ಇದೆ.

ಹೆಚ್ಚು ಕಡಿಮೆ ಎಲ್ಲ ದೇಶಗಳೂ ಆಮದು ಸರಕನ್ನು ಎಚ್‌ಎಸ್ ಕೋಡ್ ಅನ್ನುವ ಒಂದೇ ಪಟ್ಟಿಯಲ್ಲಿ ಲೆಕ್ಕ ಇಡುತ್ತವೆ. ದಿಮ್ಮಿಗೆ 4403. ಕೊಯ್ದ, 6 ಮಿಲಿಮೀಟರ್‌ಗಿಂತ ದಪ್ಪ ಇರುವ ಹಲಗೆಗೆ 4407. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ. ದೇಶ ದೇಶಗಳ ವ್ಯಾಪಾರದ ಲೆಕ್ಕ ಇಡುವ ವಿಶ್ವಸಂಸ್ಥೆಯ ಕಾಮ್‌ಟ್ರೇಡ್‌ನಲ್ಲಿ ಈ ಅಂಕಿಗಳು ಡಾಲರ್‌ನಲ್ಲಿ ಸಿಗುತ್ತವೆ. ನಮ್ಮ ವಾಣಿಜ್ಯ ಸಚಿವಾಲಯದ ಡೇಟಾ ಬ್ಯಾಂಕ್‌ನಲ್ಲಿ ರೂಪಾಯಿ, ಡಾಲರ್ ಎರಡರಲ್ಲೂ ಇವೆ. ನಾನು 4407 ತೆಗೆದುಕೊಂಡು, ಅದರಲ್ಲಿ ಸೂಜಿ ಎಲೆ ಮರದ 4407.10 ಕಳೆದು, ಉಳಿದದ್ದು ಹಾರ್ಡ್‌ವುಡ್ ಅಂತ ಗೆರೆ ಎಳೆದೆ. ಹುಡುಗನ ಚಿತ್ರಕ್ಕಿಂತ ನನ್ನದು ಇನ್ನೂ ಕಡಿದಾಗಿ ಬಂತು! ಒಂದು ಕಡೆ ದಿಢೀರ್ ಅಂತ ಮೇಲೆ ಹಾರಿತ್ತು. ಮಾವನ ಮುಖ ಅರಳಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ, ಒಂದೇ ವರ್ಷದಲ್ಲಿ ದೇಶ ಅಷ್ಟೊಂದು ಮರ ಯಾಕೆ ತರಿಸುತ್ತದೆ?

ಎರಡು ರಾತ್ರಿ ಹುಡುಕಿದ ಮೇಲೆ ಸಿಕ್ಕಿತು. 2017ರ ಪಟ್ಟಿಯಲ್ಲಿ 4407.10 ಅನ್ನುವ ಕೋಡೇ ಇಲ್ಲ. ಅದನ್ನು ಒಡೆದು 4407.11, 4407.12, 4407.19 ಅಂತ ಮೂರು ಮಾಡಿದ್ದಾರೆ. ನಾನು ಇಲ್ಲದ ಕೋಡನ್ನು ಕಳೆಯುತ್ತಾ ಕೂತಿದ್ದೆ, ಪೈನ್ ಮರವೆಲ್ಲ ಬಂದು ಹಾರ್ಡ್‌ವುಡ್ ಲೆಕ್ಕಕ್ಕೆ ಸೇರಿಬಿಟ್ಟಿತ್ತು. ಹೊಸ ಪಟ್ಟಿಗೆ ಎಲ್ಲ ದೇಶಗಳೂ ಒಂದೇ ದಿನ ಬದಲಾಗುವುದಿಲ್ಲ. ಹಾಗಾಗಿ ಎರಡು ದೇಶ ಪಕ್ಕಪಕ್ಕ ಇಟ್ಟಾಗ ಈ ಸುಳ್ಳು ಜಿಗಿತ ಬೇರೆ ಬೇರೆ ವರ್ಷ ಬಂದು ಇನ್ನೂ ಗೊಂದಲ ಮಾಡುತ್ತದೆ. 2022ರಲ್ಲಿ ಪಟ್ಟಿ ಮತ್ತೆ ಬದಲಾಗಿದೆ, ತೇಗದ ಹಲಗೆಗೆ 4407.23 ಅಂತ ಬೇರೆ ಕೋಡ್ ಬಂದಿದೆ. ಹತ್ತು ವರ್ಷಕ್ಕಿಂತ ಉದ್ದದ ಯಾವ ಗೆರೆ ನೋಡಿದರೂ ಈಗ ನಾನು ಮೊದಲು ಕೇಳುವುದು ಇದನ್ನೇ, ನಡುವೆ ಕೋಡ್ ಬದಲಾಯಿತಾ ಅಂತ.

ಆಮೇಲೆ ರೂಪಾಯಿ ಚಿತ್ರ ಹಿಡಿದೆವು. ಇದು ಬೇಗ ಮುಗಿಯಿತು. 2010ರ ಸುಮಾರಿಗೆ ಒಂದು ಡಾಲರ್‌ಗೆ 45 ರೂಪಾಯಿ ಆಸುಪಾಸು ಇತ್ತು. 2022ರಲ್ಲಿ 80 ದಾಟಿತು. ಸಾವಿರ ಡಾಲರ್‌ನ ಮರ 2010ರಲ್ಲಿ 45,000 ರೂಪಾಯಿ, 2022ರಲ್ಲಿ 80,000. ಒಂದು ಹಲಗೆ ಕೂಡ ಜಾಸ್ತಿ ಬರದೇ ಗೆರೆ ಶೇ. 78ರಷ್ಟು ಮೇಲೆ ಹೋಗುತ್ತದೆ. ಮಾವ ಇದನ್ನು ನನಗಿಂತ ಮೊದಲು ಹಿಡಿದರು. "ಅದು ನಮ್ಮ ಜೇಬಿನ ನೋವಮ್ಮ, ಅದನ್ನು ಅವನು ವ್ಯಾಪಾರ ಬೆಳೆದಿದೆ ಅಂತ ತೋರಿಸುತ್ತಿದ್ದಾನೆ" ಎಂದರು.

ಡಾಲರ್ ಚಿತ್ರದಲ್ಲೂ ಇಂಥ ಗಾಳಿ ತುಂಬಿರುತ್ತದೆ. ಆಮದಿನ ಬೆಲೆ ಬರೆಯುವಾಗ ಹೆಚ್ಚಿನ ದೇಶಗಳು ಮರದ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರನ್ನೂ ಸೇರಿಸುತ್ತವೆ. ಇದಕ್ಕೆ ಸಿಐಎಫ್ ಅನ್ನುತ್ತಾರೆ. 2019ರಲ್ಲಿ 40 ಅಡಿ ಕಂಟೇನರ್ ಬಾಡಿಗೆಯ ಜಾಗತಿಕ ಸರಾಸರಿ ಸುಮಾರು 1,420 ಡಾಲರ್ ಇತ್ತು. 2021ರ ಸೆಪ್ಟೆಂಬರ್‌ನಲ್ಲಿ ಅದು 10,000 ದಾಟಿತು. ಎಲ್ಲ ದಾರಿಗೂ ಅಷ್ಟೇ ಏರಲಿಲ್ಲ. ಲೆಕ್ಕಕ್ಕೆ ಸುಮ್ನೆ ಹೀಗೆ ಇಟ್ಟುಕೊಳ್ಳಿ: ಕಂಟೇನರಿನಲ್ಲಿ 10,000 ಡಾಲರ್‌ನ ಮರ, ಬಾಡಿಗೆ 1,500. ಒಟ್ಟು 11,500. ಅದೇ ಮರ, ಬಾಡಿಗೆ 6,000 ಆದರೆ ಒಟ್ಟು 16,000. ಗೆರೆ ಶೇ. 39 ಏರಿತು. ಮರ? ಅಷ್ಟೇ ಇದೆ. ಹುಡುಗನ ಚಿತ್ರ ನಿಂತದ್ದು ಸರಿಯಾಗಿ 2021ಕ್ಕೆ. ಶುರುವಾದದ್ದು 2009ಕ್ಕೆ, ಜಗತ್ತಿನ ಎಷ್ಟೋ ಕಡೆ ಮನೆ ಕಟ್ಟುವ ಕೆಲಸ ನೆಲಕಚ್ಚಿದ್ದ ವರ್ಷ. ಅಮೆರಿಕದಲ್ಲಿ 2005ರಲ್ಲಿ 20 ಲಕ್ಷಕ್ಕೂ ಜಾಸ್ತಿ ಹೊಸ ಮನೆಗಳ ಕೆಲಸ ಶುರುವಾಗಿತ್ತು, 2009ರಲ್ಲಿ ಅದು ಸುಮಾರು 5.54 ಲಕ್ಷಕ್ಕೆ ಇಳಿದಿತ್ತು. ಹಳ್ಳದಿಂದ ಹೊರಟು ಗುಡ್ಡದ ತುದಿಗೆ ಬಂದು ನಿಂತರೆ ಯಾವ ದಾರಿಯಾದರೂ ಏರು ದಾರಿಯೇ ಅಲ್ವಾ? ಹುಡುಗ ಬೇಕೆಂದೇ ಮಾಡಿದ ಅಂತ ನಾನು ಹೇಳುವುದಿಲ್ಲ. ಮೇಲಿನವರು ಕೊಟ್ಟದ್ದನ್ನು ಅವನು ತಂದಿದ್ದ.

ಇಷ್ಟು ಆದರೂ ಮೊದಲ ಚಿತ್ರದ ಪ್ರಶ್ನೆ ಹಾಗೇ ಉಳಿದಿತ್ತು. ಗಾಳಿಯನ್ನೆಲ್ಲ ತೆಗೆದರೂ ವಿಯೆಟ್ನಾಂ ಮೇಲೆ, ನಾವು ಕೆಳಗೆ. ನಮ್ಮದು 140 ಕೋಟಿ ಜನರ ದೇಶ, ಅವರದು 10 ಕೋಟಿ. ನಾವು ಯಾಕೆ ಕಡಿಮೆ ತರಿಸುತ್ತೇವೆ?

ಇದಕ್ಕೆ ಉತ್ತರ ಕೊಟ್ಟದ್ದು ಕಾಮ್‌ಟ್ರೇಡ್ ಅಲ್ಲ, ಮಿಲ್ಲಿನ ಅಂಗಳ. ಒಂದು ಸಂಜೆ ಈ ಪ್ರಶ್ನೆಯನ್ನೇ ಜೋರಾಗಿ ಕೇಳಿಕೊಂಡೆ. ಮಾವ ಕೈ ಎತ್ತಿ ಹೊರಗೆ ಬಿದ್ದಿದ್ದ ದಿಮ್ಮಿಗಳನ್ನು ತೋರಿಸಿದರು. "ಇವು ನಿನ್ನ ಗ್ರಾಫಲ್ಲಿ ಎಲ್ಲಿವೆ?" ಎಂದರು. ಇರಲಿಲ್ಲ. ಅವು 4403. ಗ್ರಾಫ್ 4407ರದ್ದು.

ಎಷ್ಟೋ ವರ್ಷಗಳಿಂದ ಭಾರತ ಹೊರಗಿನಿಂದ ತರಿಸುವ ಮರದಲ್ಲಿ ದಿಮ್ಮಿಯದೇ ದೊಡ್ಡ ಪಾಲು. ಅದಕ್ಕೆ ಕಾರಣ ಇದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ ಎಂದಿತು. ಕಾಡಿನ ನಾಟಾ ಸಿಗುವುದು ಕಷ್ಟವಾಯಿತು, ಮಿಲ್ಲುಗಳು ಮಾತ್ರ ಇದ್ದವು, ಗರಗಸ ಇತ್ತು, ಕೊಯ್ಯುವ ಜನ ಇದ್ದರು. ದಿಮ್ಮಿಗೆ ಆಮದು ಸುಂಕ ಶೇ. 5, ಕೊಯ್ದ ಹಲಗೆಗೆ ಶೇ. 10. ಹಲಗೆ ತರಿಸುವುದಕ್ಕಿಂತ ದಿಮ್ಮಿ ತರಿಸಿ ಇಲ್ಲೇ ಕೊಯ್ಯುವುದು ಲಾಭ. ಗುಜರಾತಿನ ಕಾಂಡ್ಲಾ ಬಂದರಿನ ಪಕ್ಕ ಗಾಂಧಿಧಾಮದಲ್ಲಿ ಸಾ ಮಿಲ್ಲುಗಳ ದೊಡ್ಡ ಊರೇ ಎದ್ದದ್ದು ಹೀಗೆ. ದಿಮ್ಮಿಯಾಗಿ ಬಂದು ಇಲ್ಲಿ ಹಲಗೆಯಾದ ಮರ 4407ರ ಗೆರೆಯಲ್ಲಿ ಎಂದೂ ಕಾಣುವುದಿಲ್ಲ. ಅಂದರೆ ಆ ಗ್ರಾಫಿನಲ್ಲಿ ಭಾರತದ ಗೆರೆ ಕೆಳಗಿರುವುದಕ್ಕೆ ಒಂದು ದೊಡ್ಡ ಕಾರಣ ಮಾವನಂಥವರ ಮಿಲ್ಲೇ. ಹುಡುಗ ಖಾಲಿ ಮಾರ್ಕೆಟ್ ಅಂತ ತೋರಿಸಿದ ಜಾಗದಲ್ಲಿ ಮಾವ ಆಗಲೇ ನಿಂತಿದ್ದರು. ಇದು ಹೊಳೆದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ವಿಯೆಟ್ನಾಂ ಕಥೆ ಬೇರೆ. ಅವರು ತರಿಸುವ ಮರದಲ್ಲಿ ದೊಡ್ಡ ಪಾಲು ಅವರ ಮನೆಯಲ್ಲಿ ಉಳಿಯುವುದಿಲ್ಲ. ಮಂಚ, ಮೇಜು, ಅಡುಗೆಮನೆ ಕಪಾಟು ಆಗಿ ವಾಪಸ್ ಹಡಗು ಹತ್ತುತ್ತದೆ. 2021ರಲ್ಲಿ ಅವರ ಮರದ ಸರಕಿನ ರಫ್ತು 1,400 ಕೋಟಿ ಡಾಲರ್ ದಾಟಿತ್ತು, ಅದರಲ್ಲಿ ಅರ್ಧಕ್ಕೂ ಜಾಸ್ತಿ ಅಮೆರಿಕಕ್ಕೆ. 2018ರಲ್ಲಿ ಅಮೆರಿಕ ಮತ್ತು ಚೀನಾ ಒಬ್ಬರ ಸರಕಿನ ಮೇಲೆ ಒಬ್ಬರು ಸುಂಕ ಹಾಕಿಕೊಂಡಾಗ ಚೀನಾಕ್ಕೆ ಹೋಗುತ್ತಿದ್ದ ಎಷ್ಟೋ ಫರ್ನಿಚರ್ ಆರ್ಡರ್ ವಿಯೆಟ್ನಾಂಗೆ ತಿರುಗಿತು. ಹಾಗಾಗಿ ವಿಯೆಟ್ನಾಂನ ಗೆರೆ ಏರುವುದು, ಇಳಿಯುವುದು ಬಹಳ ಮಟ್ಟಿಗೆ ಅಮೆರಿಕದವರು ಮನೆ ಕಟ್ಟುವುದರ ಮೇಲೆ ನಿಂತಿದೆ. ನಮ್ಮ ಗೆರೆ ನಿಂತಿರುವುದು ನಮ್ಮ ಗೃಹಪ್ರವೇಶಗಳ ಮೇಲೆ. ಅಮೆರಿಕದ ಅಂಗಡಿಗೆ ಹೋಗುವ ಮೇಜನ್ನೂ ಕ್ಯಾತಸಂದ್ರದ ಮನೆಯ ಬಾಗಿಲನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ, ಇದು ನಾಳೆ ಅದಾಗುತ್ತದೆ ಅನ್ನುವುದು ಹೇಗೆ ಸರಿ?

ವಿಯೆಟ್ನಾಂನ ಗೆರೆಯೊಳಗೂ ಮರ ಒಂದೇ ಥರ ಇರಲಿಲ್ಲ. ಪಕ್ಕದ ಲಾವೋಸ್, ಕಾಂಬೋಡಿಯಾದಿಂದ ಬೀಟೆಯ ಜಾತಿಯ ದುಬಾರಿ ಮರ ಲಾರಿಯಲ್ಲೇ ಗಡಿ ದಾಟಿ ಬರುತ್ತಿತ್ತು. ಅದರಲ್ಲಿ ಕಳ್ಳ ಸಾಗಣೆಯದೂ ಇತ್ತು. ಆ ಕಾಡುಗಳಿಗಾದ ನಷ್ಟ ದೊಡ್ಡದು, ಮರದ ಮೇಲೇ ಬದುಕುವ ಮನೆಯವಳಾಗಿ ಇದನ್ನು ಓದುವಾಗ ನನಗೆ ಸಂಕಟವಾಯಿತು. 2013ರಲ್ಲಿ ಸಯಾಮಿ ಬೀಟೆಯನ್ನು, 2017ರಲ್ಲಿ ಆ ಕುಲದ ಎಲ್ಲ ಮರಗಳನ್ನೂ ಸೈಟಿಸ್ ಅನ್ನುವ, ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಜಾಗತಿಕ ಒಪ್ಪಂದದ ಪಟ್ಟಿಗೆ ಸೇರಿಸಿದರು. 2016ರ ಮೇ ತಿಂಗಳಲ್ಲಿ ಲಾವೋಸ್ ಸರ್ಕಾರ ದಿಮ್ಮಿ ಮತ್ತು ಕೊಯ್ದ ಮರ ಎರಡನ್ನೂ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಆಮೇಲೆ ವಿಯೆಟ್ನಾಂ ಆಫ್ರಿಕಾ, ಅಮೆರಿಕದ ಕಡೆಗೆ ಜಾಸ್ತಿ ತಿರುಗಿತು. ದುಬಾರಿ ಮರ ಕಡಿಮೆಯಾದರೆ ಗೆರೆ ಇಳಿಯುತ್ತದೆ, ದೂರದಿಂದ ತರಿಸಿದರೆ ಬಾಡಿಗೆ ಸೇರಿ ಗೆರೆ ಏರುತ್ತದೆ. ಎಷ್ಟು ಘನ ಮೀಟರ್ ಬಂತು ಅನ್ನುವುದು ಈ ಎರಡರ ನಡುವೆ ಮರೆಯಾಗುತ್ತದೆ.

ಅದಕ್ಕೇ ಬೆಲೆ ಬಿಟ್ಟು ಅಳತೆಗೆ ಹೋದೆವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಗಳಲ್ಲಿ ಹಾರ್ಡ್‌ವುಡ್ ಹಲಗೆಯ ಬೆಲೆಯೂ ಇದೆ, ಘನ ಮೀಟರೂ ಇದೆ, 1961ರಿಂದ. ದಿಮ್ಮಿಗೂ ಹಾಗೇ. ದಿಮ್ಮಿಯನ್ನು ಹಲಗೆ ಮಾಡಿದರೆ ಎಷ್ಟು ಉಳಿಯುತ್ತದೋ ಅಷ್ಟನ್ನು ಭಾರತದ ಲೆಕ್ಕಕ್ಕೆ ಸೇರಿಸಬೇಕು. ಎಷ್ಟು ಉಳಿಯುತ್ತದೆ? ನಾನು ಓದಿದ ಕಡೆಯೆಲ್ಲ ಅರ್ಧದ ಆಸುಪಾಸು ಅಂತಿತ್ತು. ಮಾವ ಒಪ್ಪಲೇ ಇಲ್ಲ. "ನಮ್ಮ ಮಿಲ್ಲಲ್ಲಿ ನೂರಕ್ಕೆ ಎಪ್ಪತ್ತು ಬರುತ್ತದೆ. ಅರ್ಧ ಬಂದರೆ ಬಾಗಿಲು ಹಾಕಿಕೊಂಡು ಹೋಗಬೇಕು" ಎಂದು ಸಿಟ್ಟಾದರು. ಎರಡು ದಿನ ಇದೇ ಜಗಳ.

ಜಗಳ ಬಿಡಿಸಿದ್ದು ಅಳತೆ ಟೇಪು. ನಮ್ಮಲ್ಲಿ ದಿಮ್ಮಿ ಅಳೆಯುವ ಪದ್ಧತಿ ಹಾಪಸ್ ಲೆಕ್ಕದ್ದು. ದಿಮ್ಮಿಯ ಸುತ್ತಳತೆ ತೆಗೆಯಬೇಕು, ನಾಲ್ಕರಿಂದ ಭಾಗಿಸಬೇಕು, ಬಂದದ್ದನ್ನು ಅದರಿಂದಲೇ ಗುಣಿಸಬೇಕು, ಆಮೇಲೆ ಉದ್ದದಿಂದ ಗುಣಿಸಬೇಕು. ಸುತ್ತಳತೆ 4 ಅಡಿ, ಉದ್ದ 10 ಅಡಿ ಇರುವ ದಿಮ್ಮಿ ಈ ಲೆಕ್ಕದಲ್ಲಿ 10 ಸಿಎಫ್‌ಟಿ, ಅಂದರೆ ಘನ ಅಡಿ. ಆದರೆ ಅದೇ ದಿಮ್ಮಿಯನ್ನು ಸ್ಕೂಲಿನಲ್ಲಿ ಕಲಿತ ಸಿಲಿಂಡರ್ ಸೂತ್ರದಲ್ಲಿ ಹಾಕಿದರೆ 12.73 ಘನ ಅಡಿ ಬರುತ್ತದೆ. ಮಾವ ಅದರಿಂದ 7 ಸಿಎಫ್‌ಟಿ ಹಲಗೆ ತೆಗೆಯುತ್ತಾರೆ. ಹಲಗೆಯ ಅಳತೆಯಲ್ಲಿ ಈ ರಿಯಾಯಿತಿ ಇಲ್ಲ, 7 ಅಂದರೆ 7. ಅವರ ಲೆಕ್ಕದಲ್ಲಿ ಹತ್ತಕ್ಕೆ ಏಳು, ಶೇ. 70. ನಿಜವಾದ ಗಾತ್ರದ ಲೆಕ್ಕದಲ್ಲಿ 12.73ಕ್ಕೆ 7, ಶೇ. 55. ಇಬ್ಬರೂ ಸರಿ! ಮಾವ ನಕ್ಕುಬಿಟ್ಟರು. ಇಷ್ಟು ವರ್ಷ ಪಾಠ ಮಾಡಿದರೂ ಅಳತೆಗೋಲು ಬೇರೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ. ಈಗ ಪ್ರತಿ ವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಆ ದಿಮ್ಮಿ ಬಿಡಿಸುತ್ತೇನೆ.

ಶೇ. 55 ಇಟ್ಟುಕೊಂಡು ದಿಮ್ಮಿಯನ್ನು ಹಲಗೆಗೆ ತಂದು ಸೇರಿಸಿದ ಮೇಲೆ ಚಿತ್ರ ಬೇರೆಯೇ ಆಯಿತು. ಹುಡುಗ ತೋರಿಸಿದ ಖಾಲಿ ಜಾಗ ಹಾಗೆ ಉಳಿಯಲಿಲ್ಲ. ವಿಯೆಟ್ನಾಂ ಕೂಡ ದಿಮ್ಮಿ ತರಿಸುತ್ತದೆ, ಅದನ್ನೂ ಸೇರಿಸಿಯೇ ನೋಡಿದೆವು, ನ್ಯಾಯ ಅಂದರೆ ನ್ಯಾಯ. ವರ್ಷದ ವಿಷಯದಲ್ಲೂ ಒಂದು ಎಚ್ಚರ ಬೇಕಾಯಿತು. ನಮ್ಮ ಸಚಿವಾಲಯದ ವರ್ಷ ಏಪ್ರಿಲ್‌ನಿಂದ ಮಾರ್ಚ್. ವಿಯೆಟ್ನಾಂನದು ಜನವರಿಯಿಂದ ಡಿಸೆಂಬರ್. ನಮ್ಮ ಲಾಕ್‌ಡೌನ್ 2020ರ ಮಾರ್ಚ್ 25ಕ್ಕೆ ಶುರುವಾಯಿತು, ಅದರ ಹೊಡೆತ ಹೆಚ್ಚು ಕಡಿಮೆ ಪೂರ್ತಿ 2020-21ಕ್ಕೆ ಬಿತ್ತು. ಅವರ ಫರ್ನಿಚರ್ ಕಾರ್ಖಾನೆಗಳಿರುವ ಬಿನ್ ಯುಂಗ್ ಕಡೆ ದೊಡ್ಡ ಬಂದ್ ಆದದ್ದು 2021ರ ಜುಲೈನಿಂದ ಸೆಪ್ಟೆಂಬರ್. ವಾರ್ಷಿಕ ಗೆರೆಯಲ್ಲಿ ಒಬ್ಬರು ಬಿದ್ದಾಗ ಇನ್ನೊಬ್ಬರು ಎದ್ದಂತೆ ಕಾಣುವುದು ಇದರಿಂದ. ತಿಂಗಳ ಅಂಕಿ ತೆಗೆದುಕೊಂಡು ಎರಡನ್ನೂ ಜನವರಿಗೆ ಹೊಂದಿಸಿದೆ.

ಹಾಗಾದರೆ ಹುಡುಗ ಹೇಳಿದ್ದೆಲ್ಲ ತಪ್ಪಾ? ಅಲ್ಲ. ಇದನ್ನು ಒಪ್ಪಿಕೊಳ್ಳದಿದ್ದರೆ ನಾನೂ ಮಾವನಿಗೆ ಅನ್ಯಾಯ ಮಾಡಿದಂತೆ. ಭಾರತದ ಹಲಗೆ ಗೆರೆ ಘನ ಮೀಟರ್‌ನಲ್ಲೂ ಏರಿದೆ. ಅದು ಏರುವ ಕಾರಣ ಮಾತ್ರ ಬೇರೆ. ದಿಮ್ಮಿ ಕೊಡುತ್ತಿದ್ದ ದೇಶಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಗ್ಯಾಬನ್ 2010ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ನಿಲ್ಲಿಸಿತು. ಮಾವನಿಗೆ ಅದು ಚೆನ್ನಾಗಿ ನೆನಪಿದೆ, ಬರ್ಮಾ ಟೀಕ್ ದಿಮ್ಮಿ ಕಣ್ಮರೆಯಾದ ವರ್ಷ ಅದು. 2018ರಲ್ಲಿ ಮಲೇಷಿಯಾದ ಸಬಾ ರಾಜ್ಯವೂ ನಿಲ್ಲಿಸಿತು. ನಮ್ಮ ಊರಲ್ಲೇ ಕೊಯ್ದು ಕೂಲಿ ನಮ್ಮವರಿಗೇ ಸಿಗಲಿ ಅನ್ನುವುದು ಅವರ ಆಸೆ, ಅದರಲ್ಲಿ ತಪ್ಪೇನಿದೆ? ದಿಮ್ಮಿಯಾಗಿ ಬರುತ್ತಿದ್ದ ಮರ ಹಲಗೆಯಾಗಿ ಬರಲು ಶುರುವಾದಾಗ 4403ರಿಂದ 4407ಕ್ಕೆ ಜಾರುತ್ತದೆ. ಬೇಡಿಕೆ ಬೆಳೆಯದಿದ್ದರೂ ಹಲಗೆಯ ಗೆರೆ ಏರುತ್ತದೆ. ಹುಡುಗನಿಗೆ ಹೊಸ ಮಾರ್ಕೆಟ್ ಕಂಡ ಕಡೆ ನನಗೆ ಕಂಡದ್ದು ಮಾವನ ಗರಗಸದ ಕೆಲಸ ನಿಧಾನವಾಗಿ ಕಡಲಾಚೆಗೆ ಹೋಗುತ್ತಿರುವುದು.

ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ನನಗೆ ಎರಡು ದಿನ ತಿಳಿಯಲಿಲ್ಲ. ಹೇಳಿದಾಗ ಅವರು ಗಾಬರಿಯಾಗಲಿಲ್ಲ. "ಗೊತ್ತಮ್ಮ. ಬರುವ ದಿಮ್ಮಿ ವರ್ಷ ವರ್ಷ ಸಣ್ಣದಾಗುತ್ತಿದೆ, ಅದು ನನಗೆ ಗ್ರಾಫ್ ಇಲ್ಲದೇ ಗೊತ್ತು" ಎಂದರು. ಆಮೇಲೆ ಲೆಕ್ಕ ಹಾಕಲು ಕೂತೆವು, ಈ ಸಲ ಅತ್ತೆಯನ್ನೂ ಕರೆದು. ಹಸಿ ಹಲಗೆಯನ್ನು ಕಂಟೇನರ್‌ಗಟ್ಟಲೆ ತರಿಸಿದರೆ ಸುಂಕ ಶೇ. 10, ಮೇಲೆ ಜಿಎಸ್‌ಟಿ ಶೇ. 18, ದುಡ್ಡು ತಿಂಗಳುಗಟ್ಟಲೆ ಸಮುದ್ರದ ಮೇಲೆ, ನಡುವೆ ಡಾಲರ್ ಎರಡು ರೂಪಾಯಿ ಏರಿದರೆ ಲಾಭ ಹೋಯಿತು. ಬಂದರಿನ ಪಕ್ಕದ ದೊಡ್ಡವರು ಇದನ್ನು ಮಾಡುತ್ತಾರೆ, ತುಮಕೂರಿನ ಒಂದು ಮಿಲ್ಲು ಅವರ ಜೊತೆ ಓಡಲು ಆಗುವುದಿಲ್ಲ. ಆದರೆ ಕಿಲ್ನ್ ಬೇಡವೇ ಬೇಡ ಅಂತಲೂ ಅಲ್ಲ. ಕಾಫಿ ತೋಟದ ಸಿಲ್ವರ್ ಓಕ್, ರೈತರ ಹೊಲದ ಬೇವು, ಅಕೇಶಿಯಾ, ಹೆಬ್ಬೇವು ಹಸಿಯಾಗಿ ಬಳಸಿದರೆ ಬಾಗುತ್ತವೆ, ಬಿರಿಯುತ್ತವೆ, ಅದಕ್ಕೇ ಜನ ಅವನ್ನು ಕಡೆಗಣಿಸುವುದು. ಸರಿಯಾಗಿ ಒಣಗಿಸಿದರೆ ಒಳ್ಳೆಯ ಮರಗಳು ಅವು.

ನಲವತ್ತು ಲಕ್ಷದ ಎರಡು ಛೇಂಬರ್ ಬಿಟ್ಟು ಮಾವ ಒಂದು ಸಣ್ಣ ಛೇಂಬರ್ ಹಾಕಿಸಿದರು, ಸಾಲ ಹನ್ನೊಂದು ಲಕ್ಷ. 2024ರ ಯುಗಾದಿ ಆದ ಮೇಲೆ ಮೊದಲ ಲೋಡ್ ಸಿಲ್ವರ್ ಓಕ್ ಒಳಗೆ ಹೋಯಿತು. ಹದಿನಾರನೇ ದಿನ ತೇವದ ಮೀಟರ್ ಶೇ. 12 ತೋರಿಸಿತು. ದಿಮ್ಮಿ ಕೊಯ್ಯುವುದು ನಿಂತಿಲ್ಲ.

ಮಿಲ್ಲಿನ ಆಫೀಸ್ ಗೋಡೆಯ ಮೇಲೆ ಈಗ ಒಂದು ದೊಡ್ಡ ಹಾಳೆ ಇದೆ. ಎರಡು ಗೆರೆ ಇದ್ದ ಕಡೆ ನಾಲ್ಕು ಇವೆ: ಎರಡು ದೇಶದ ದಿಮ್ಮಿ, ಎರಡು ದೇಶದ ಹಲಗೆ, ನಾಲ್ಕೂ ಘನ ಮೀಟರ್‌ನಲ್ಲಿ. ವರ್ಷಕ್ಕೊಮ್ಮೆ ನಾನು ಹೋಗಿ ಹೊಸ ಚುಕ್ಕೆ ಇಡುತ್ತೇನೆ. ಗೆರೆ ಬಾಗಿದ ಕಡೆಯಲ್ಲೆಲ್ಲ ಮಾವ ತಮ್ಮ ಪೆನ್ನಲ್ಲಿ ಬರೆದಿದ್ದಾರೆ: 2014, ಬರ್ಮಾ. 2016, ಲಾವೋಸ್. 2017, ಕೋಡ್ ಬದಲು. 2020, ಲಾಕ್‌ಡೌನ್. ಹೋದ ಸಲ ಹಾಳೆಯ ಬಲಗಡೆ ಜಾಗ ಮುಗಿದಿತ್ತು, ಇನ್ನೊಂದು ಹಾಳೆ ಅಂಟಿಸಿ ಬಂದೆ.